ಕಚ್ಚುವ ಹುಡುಗಿ

ಬಂದರು ಕಟ್ಟೆಯ ಲಾಡ್ಜು, ಮೂರನೆಯ ಮಹಡಿ
ನವೆಂಬರ್ ೯, ಶನಿವಾರ

ಪ್ರೀತಿಯ ಅಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಅದಕ್ಕೆ ಹಚ್ಚುವ ಎಣ್ಣೆಯ ವಾಸನೆಗೆ ಗಿರಾಕಿಗಳು ಒಳಗೇ ಬರುವುದಿಲ್ಲ ಎಂದು ನಿಮ್ಮ ಮಾಲೀಕರು ಗೊಣಗುವುದು ನಿಂತಿತೋ ಇಲ್ಲವೋ? ಅಮ್ಮನ ಉಸಿರಾಟ ಹೇಗಿದೆ? ಒರಗಲು ಎರಡು ದಿಂಬು ಸಾಕಾಗುತ್ತದೋ, ಮೂರಕ್ಕೆ ಏರಿದ್ದಾಳೋ? ಹಲ್ಲಿನ ಸೆಟ್ಟು ಹಾಕಿಕೊಳ್ಳುತ್ತಾಳೋ, ಇಲ್ಲಾ ಈಗಲೂ ಲೋಟದ ನೀರಲ್ಲೇ ಬಿಟ್ಟು ‘ಇನ್ನು ಯಾರಿಗೆ ತೋರಿಸ್ಬೇಕು’ ಅನ್ನುತ್ತಾಳೋ? ಡಾಕ್ಟರು ಮೊನ್ನೆ ಹೇಳಿದ್ದಕ್ಕಿಂತ ಬೇರೆ ಏನಾದರೂ ಹೇಳಿದ್ದರೆ ಬರೆ. ಅದೇ ಮಾತನ್ನೇ ಹೇಳಿದ್ದರೆ ಬರೆಯಬೇಡ.

ಈ ಕಾಗದ ಮನೆಗೆ ಬಾರದೆ ನಿನ್ನ ಕನ್ನಡಕದ ಅಂಗಡಿಗೆ ಬಂದದ್ದಕ್ಕೆ ಗಾಬರಿಯಾಗಬೇಡ. ಮನೆಗೆ ಬಂದ ಕಾಗದವನ್ನು ನೀನು ಅಮ್ಮನ ಮಂಚದ ಬಳಿ ಕೂತು ಗಟ್ಟಿಯಾಗಿ ಓದುತ್ತೀಯ. ಅವಳ ಕಣ್ಣು ಹೋದಾಗಿನಿಂದ ಅದು ನಮ್ಮ ಮನೆಯ ಪದ್ಧತಿ. ಒಂದು ಸಾಲು ಹಾರಿಸಿದರೂ ಅವಳಿಗೆ ಗೊತ್ತಾಗುತ್ತದೆ, ‘ಮಧ್ಯೆ ಏನೋ ನುಂಗಿದೆ ನೀನು’ ಎಂದು ಹಿಡಿಯುತ್ತಾಳೆ. ಇದರಲ್ಲಿ ನುಂಗಬೇಕಾದದ್ದೇ ಹೆಚ್ಚು. ಫೋನು ಮಾಡೋಣವೆಂದರೆ ಅದಿರುವುದು ಅವಳ ತಲೆದಿಂಬಿನ ಪಕ್ಕದಲ್ಲಿ. ಆದ್ದರಿಂದ ಅಂಗಡಿಯಲ್ಲೇ ಓದಿ, ಅಲ್ಲೇ ಎಲ್ಲಾದರೂ ಬಿಟ್ಟು, ಖಾಲಿ ಕೈಯಲ್ಲಿ ಮನೆಗೆ ಹೋಗು.

ಅಮ್ಮ ನನ್ನನ್ನು ಯಾವ ಕೆಲಸಕ್ಕೆ ಇಲ್ಲಿಗೆ ಅಟ್ಟಿದಳೆಂದು ನಿನಗೆ ಗೊತ್ತು. ಆದರೂ ಮೊದಲಿಂದಲೇ ಬರೆಯುತ್ತೇನೆ. ಊರಿನ ಚರಂಡಿಗಳ ನಕ್ಷೆ ಬರೆದೂ ಬರೆದೂ, ಗೆರೆ ಎಳೆಯದೆ ನನಗೆ ಯಾವುದೂ ಕಾಣದ ಹಾಗಾಗಿದೆ. (‘ಊರಿನ ಕೊಳೆಯೆಲ್ಲ ಎಲ್ಲಿಗೆ ಹೋಗತ್ತೆ ಅಂತ ನನ್ನ ಮಗನಿಗೆ ಗೊತ್ತು, ಒಬ್ಬರ ಹತ್ರಾನೂ ಬಾಯಿ ಬಿಡಲ್ಲ’ ಎಂದು ಅಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳಲ್ಲ.) ಅಮ್ಮನ ಅಪ್ಪ ಯುದ್ಧದ ಕಾಲಕ್ಕೆ ನೌಕಾಪಡೆ ಸೇರಿ, ಹಡಗಿನ ಬಾಯ್ಲರಿಗೆ ಕಲ್ಲಿದ್ದಲು ತುಂಬುವ ಕೆಲಸದಲ್ಲಿದ್ದ. ಅಮ್ಮನಿಗೆ ಎರಡು ವರ್ಷವಿದ್ದಾಗ ರಜೆಗೆ ಬಂದು, ರಜೆ ಮುಗಿಸಿ ಹೊರಟವನು ಮತ್ತೆ ಬರಲಿಲ್ಲ. ಅಜ್ಜಿಗೆ ಒಂದು ಅಚ್ಚಾದ ಚೀಟಿ ಬಂತು: ನಿಮ್ಮ ಗಂಡ ಪರಾರಿ. ವಾರ ತುಂಬುವುದರೊಳಗೆ ಅಜ್ಜಿಯನ್ನೂ ಮಗುವನ್ನೂ ಪಡೆಯ ವಸತಿಯಿಂದ ಹೊರಗೆ ಹಾಕಿದರು. ಪಕ್ಕದ ಮನೆಯವಳ ಗಂಡ ಮುಳುಗಿ ಸತ್ತಿದ್ದ. ಅವಳು ಬಂದರೆ ಜನ ಎದ್ದು ಜಾಗ ಬಿಡುತ್ತಿದ್ದರು. ಅಜ್ಜಿ ಬಂದರೆ ಮಾತು ನಿಲ್ಲಿಸುತ್ತಿದ್ದರು. ಹಗ್ಗದ ಕಾರ್ಖಾನೆಯಲ್ಲಿ ಬೆರಳು ಸವೆಸಿ ಅಮ್ಮನನ್ನು ದೊಡ್ಡವಳನ್ನಾಗಿ ಮಾಡಿದ ಅಜ್ಜಿ ಕೊನೆಯವರೆಗೂ ಒಂದೇ ಮಾತು ಆಡಿದಳು: ‘ಅವನು ನೀರಲ್ಲಿ ಬಿದ್ದು ಸತ್ತಿದ್ರೆ ನಾನು ತಲೆ ಎತ್ಕೊಂಡು ಬದುಕ್ತಿದ್ದೆ.’ ಸಿಟ್ಟು ಮಿತಿಮೀರಿದ ದಿನ ಅದು ಅಮ್ಮನ ಕಡೆಗೆ ತಿರುಗುತ್ತಿತ್ತು. ಅಮ್ಮ ಚಿಕ್ಕಂದಿನಲ್ಲಿ ಸಿಕ್ಕವರನ್ನೆಲ್ಲ ಕಚ್ಚುತ್ತಿದ್ದಳಂತೆ, ಅಪ್ಪ ಹೊರಟ ಬೆಳಗ್ಗೆ ಅವನನ್ನೂ ಕಚ್ಚಿದ್ದಳು. ‘ನೀನು ಕಚ್ಚಿದ್ದಕ್ಕೇ ಕಣೇ ಅವನು ಓಡಿಹೋಗಿದ್ದು.’ ಇದನ್ನು ಅಮ್ಮ ನಮಗೆ ತಮಾಷೆಯಾಗಿಯೇ ಹೇಳುತ್ತಿದ್ದಳು, ‘ನಮ್ಮಪ್ಪನ್ನ ನಾನೇ ಕಚ್ಚಿ ಓಡಿಸ್ದೆ’ ಅಂತ. ಹೇಳಿ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು, ನೆನಪಿದೆಯಾ? ಹಲ್ಲು ಹುಳುಕಾಗಿದೆ ಎಂಬ ನಾಚಿಕೆಗೆ ಎಂದು ನಾವು ತಿಳಿದಿದ್ದೆವು.

ಆದರೆ ಅಜ್ಜಿಗೆ ಅವಮಾನವಾದದ್ದು ಅಮ್ಮನಿಗೆ ಆಸರೆಯಾಯಿತು. ಓಡಿಹೋದವನು ಎಲ್ಲೋ ಒಂದು ಕಡೆ ಇರಲೇಬೇಕಲ್ಲ. ಅವನಿಗೆ ಅವಳು ನೀರಿನಾಚೆ ಒಂದು ಊರು ಕೊಟ್ಟಳು, ದೀಪ ರಿಪೇರಿಯ ಅಂಗಡಿ ಹಾಕಿಕೊಟ್ಟಳು, ಒಳ್ಳೆಯ ಹೆಂಡತಿಯನ್ನು ನೋಡಿ ಮದುವೆ ಮಾಡಿಸಿದಳು. ವರ್ಷಕ್ಕೆ ತಕ್ಕ ಹಾಗೆ ಮುದುಕನನ್ನಾಗಿಯೂ ಮಾಡಿದಳು: ‘ಅಪ್ಪನಿಗೆ ಇಷ್ಟು ಹೊತ್ತಿಗೆ ಕಿವಿ ಮಂದ ಆಗಿರತ್ತೆ.’ ಎರಡು ವರ್ಷದ ಹಿಂದೆ, ಇನ್ನು ಅವನನ್ನು ಬದುಕಿಸಿಟ್ಟುಕೊಳ್ಳುವುದು ವಯಸ್ಸಿನ ಲೆಕ್ಕಕ್ಕೆ ಹೊಂದುವುದಿಲ್ಲ ಎಂದು ಅನ್ನಿಸಿತೇನೋ, ‘ಅಪ್ಪ ಹೋಗಿಬಿಟ್ರು ಅನ್ಸತ್ತೆ, ನಿದ್ದೆಯಲ್ಲೇ’ ಎಂದು ಒಂದು ದಿನ ಊಟ ಬಿಟ್ಟಳು. ನೀನು ಬೈದೆ. ಅಲ್ಲಿಂದ ಶುರುವಾಯಿತು ಅವನ ಆ ಇನ್ನೊಂದು ಮನೆಯ ಮಗುವಿನ ಚಿಂತೆ. ‘ನನಗಾದ್ರೆ ಅಪ್ಪ ಇಲ್ದೆ ಅಭ್ಯಾಸ. ಆ ಮಗುಗೆ ಅಭ್ಯಾಸ ಇಲ್ಲ. ತಂಗೀನೋ ತಮ್ಮನೋ, ಒಂಟಿಯಾಗಿ ಎಲ್ಲಿ ಕೂತಿದೆಯೋ. ಹುಡುಕಿ ಕರ್ಕೊಂಡು ಬಾ, ನಾನು ಹೋಗೋದ್ರೊಳಗೆ ಒಂದ್ಸಲ ಮುಟ್ಟಿ ನೋಡ್ತೀನಿ.’ ಈ ಮಾತಿಗಾಗಿ ನಾನು ರಜೆ ಹಾಕಿ ಬಂದದ್ದು.

ನೌಕಾಪಡೆಯ ದಾಖಲೆ ಕೋಣೆ ಒಂದು ಹಳೆಯ ಗೋದಾಮಿನ ಹಿಂಬದಿಯಲ್ಲಿದೆ. ಕಿಟಕಿಗಳು ತಲೆಗಿಂತ ಎತ್ತರದಲ್ಲಿರುವುದರಿಂದ ಹಗಲು ಎಂಬುದು ಅಲ್ಲಿ ಗೋಡೆಯ ಮೇಲ್ಭಾಗದಲ್ಲಿ ಮಾತ್ರ ಇರುತ್ತದೆ. ನೋಡಿಕೊಳ್ಳುವವರು ಒಬ್ಬ ಗುಮಾಸ್ತೆ. ಬೂದು ಸ್ವೆಟರು, ಸದಾ ನೆಗಡಿ, ಪ್ರತಿಯೊಂದು ಪುಟಕ್ಕೂ ಮೊದಲು ಒಂದು ಸೀನು. ನಾನು ಬಂದ ಕಾರಣ ಕೇಳಿ ಅವರು ಹೇಳಿದ ಮೊದಲ ಮಾತು: ‘ಸತ್ತವರಾದ್ರೆ ಹೇಳಿ, ಕೂತ್ಕೊಳ್ಳೋದ್ರೊಳಗೆ ತೆಗೆದುಕೊಡ್ತೀನಿ. ಬದುಕಿದವರನ್ನ ಹುಡುಕೋ ವಿದ್ಯೆ ನಮ್ಮಲ್ಲಿಲ್ಲ ಸ್ವಾಮಿ.’ ಹಾಸ್ಯವೆಂದು ನಾನು ನಕ್ಕೆ. ಅವರು ನಗಲಿಲ್ಲ.

ಅಜ್ಜನ ಹೆಸರು ಬ್ಯಾರಕ್ಕಿನ ದಾಖಲೆಯಲ್ಲಿ ಇತ್ತು. ಬೆಳಗ್ಗೆ ಬ್ಯಾರಕ್ಕಿನಿಂದ ಬಂದರು ಕಚೇರಿಗೆ ಕಳುಹಿಸಲಾಗಿದೆ, ಅಷ್ಟೆ, ಮುಂದೆ ಖಾಲಿ. ಕೆಳಗೆ ಬೇರೆ ಶಾಯಿಯಲ್ಲಿ ‘ಪರಾರಿ’. ಅಕ್ಷರ ದುಂಡಗೆ, ಚೆನ್ನಾಗಿತ್ತು. ಅದನ್ನು ನೋಡಿ ಎದ್ದು ಹೊರಟ ನನಗೆ ಸ್ವೆಟರಿನವರು ‘ಕೂತ್ಕೊಳ್ಳಿ’ ಎಂದರು. ಅವರು ವಿವರಿಸಿದ್ದು ಹೀಗೆ. ಪ್ರತಿ ಹಡಗಿನಲ್ಲೂ ಅದರಲ್ಲಿರುವವರ ಪಟ್ಟಿ ಒಂದು ಇರುತ್ತದೆ. ತಿಂಗಳ ಕೊನೆಗೆ ಅದರ ನಕಲು ದಡಕ್ಕೆ ಬರುತ್ತದೆ. ಹಡಗು ಮುಳುಗಿದರೆ ಪಟ್ಟಿಯೂ ಮುಳುಗುತ್ತದೆ. ಆಗ ದಡದಲ್ಲಿರುವ ಹೋದ ತಿಂಗಳ ನಕಲನ್ನು ನೋಡಿಕೊಂಡು ಸತ್ತವರ ಹೆಸರು ಬರೆಯುತ್ತಾರೆ. ತಿಂಗಳ ನಡುವೆ ಹಡಗು ಹತ್ತಿದವನು ಆ ನಕಲಿನಲ್ಲಿ ಇಲ್ಲ, ಆದ್ದರಿಂದ ಅವನು ಸಾಯುವುದಿಲ್ಲ. ತಿಂಗಳ ನಡುವೆ ಇಳಿದವನು ನಕಲಿನಲ್ಲಿ ಇದ್ದಾನೆ, ಆದ್ದರಿಂದ ಅವನು ಸಾಯುತ್ತಾನೆ. ‘ಹೀಗೆ ಸತ್ತವರು ಆಮೇಲೆ ಬಂದು ಗಲಾಟೆ ಮಾಡಿ ಸರಿಮಾಡಿಸ್ಕೊಳ್ತಾರೆ’ ಎಂದರು ಅವರು. ‘ಹೀಗೆ ಬದುಕಿದವರು ಬರಲ್ಲ.’

ಅಜ್ಜ ಬ್ಯಾರಕ್ಕು ಬಿಟ್ಟ ದಿನದ ಬಂದರು ಕಚೇರಿಯ ಪುಸ್ತಕ ತೆಗೆದರು. ಒಂದು ಹಡಗಿಗೆ ಲಾರಿ ಹೋಗಿದೆ. ಬಾಯ್ಲರಿನ ಕೆಲಸಕ್ಕೆ ಒಬ್ಬನನ್ನು ಇಳಿಸಿದೆ, ಹೊಟ್ಟೆನೋವಿನಿಂದ ಒದ್ದಾಡುತ್ತಿದ್ದ ಒಬ್ಬನನ್ನು ಹತ್ತಿಸಿಕೊಂಡು ಆಸ್ಪತ್ರೆಗೆ ಬಿಟ್ಟಿದೆ. ಇಳಿದವನ ಹೆಸರು ಬರೆದಿಲ್ಲ. ಹೆಸರಿನ ಚೀಟಿ ಅವನ ಕೈಯಲ್ಲೇ ಹಡಗಿಗೆ ಹೋಗಿರುತ್ತದೆ. ಹಡಗು ಅಂದೇ ಸಂಜೆ ಹೊರಟಿತು, ಮಾರನೆಯ ದಿನ ಮುಳುಗಿತು. ಬಾಯ್ಲರಿನ ಕೋಣೆ ಎಲ್ಲಕ್ಕಿಂತ ಕೆಳಗೆ. ಅಲ್ಲಿಂದ ಮೇಲಕ್ಕೆ ಇದ್ದದ್ದು ಒಂದು ಕಬ್ಬಿಣದ ಏಣಿ. ಯಾರೂ ಉಳಿಯಲಿಲ್ಲ. ಹೊಟ್ಟೆನೋವಿನವನ ಹೆಸರು ಸತ್ತವರಲ್ಲಿ ಸೇರಿತು. ಅಜ್ಜನಿಗಾಗಿ ಬ್ಯಾರಕ್ಕಿನವರು ನಿಯಮದ ಪ್ರಕಾರ ಕಾದರು, ಯಾವ ಹಡಗೂ ‘ನಮ್ಮಲ್ಲಿದ್ದಾನೆ’ ಎಂದು ಹೇಳದ ಮೇಲೆ ನಿಯಮದ ಪ್ರಕಾರ ಪರಾರಿ ಎಂದು ಬರೆದರು. ಈ ಮೂರು ಪುಸ್ತಕಗಳಲ್ಲಿ ಎಲ್ಲೂ ಯಾರೂ ಸುಳ್ಳು ಬರೆದಿಲ್ಲ. ನಾನು ಅದನ್ನೇ ಹುಡುಕುತ್ತಿದ್ದೆ ಎಂದು ತೋರುತ್ತದೆ; ಒಬ್ಬ ಸುಳ್ಳುಗಾರ ಸಿಕ್ಕಿದ್ದರೆ ಇಷ್ಟು ಹೊತ್ತಿಗೆ ಅವನನ್ನು ಬೈದು ಮುಗಿಸಿರುತ್ತಿದ್ದೆ.

ಅಲ್ಲಿಂದ ಬಂದರಿನ ಸ್ಮಾರಕದ ಗೋಡೆಗೆ ಹೋದೆ. ಆ ಹಡಗಿನ ಹೆಸರಿನ ಕೆಳಗೆ ಹೊಟ್ಟೆನೋವಿನವನ ಹೆಸರು ಇನ್ನೂ ಇದೆ. ಒಬ್ಬ ಜಾಡಮಾಲಿ ಬಕೆಟ್ಟಿನಿಂದ ನೀರೆರಚಿ ಹಕ್ಕಿಗಳ ಹಿಕ್ಕೆ ಉಜ್ಜುತ್ತಿದ್ದ. ಯಾರ ಹೆಸರು ಬೇಕೆಂದು ಕೇಳಿದ. ಇಲ್ಲದವರ ಹೆಸರು ಎಂದೆ. ‘ಎಲ್ಲರೂ ಇಲ್ಲದವರೇ ಸಾರ್, ಸ್ವಲ್ಪ ಸರೀರಿ’ ಎಂದು ನನ್ನ ಬೂಟಿನ ಮೇಲೆಯೇ ನೀರು ಬಿಟ್ಟ.

ಇಷ್ಟೆಲ್ಲ ಊಹೆ ಮಾತ್ರ ಎಂದು ಸ್ವೆಟರಿನವರು ಎಚ್ಚರಿಸಿದ್ದರು. ಲಾರಿಯಿಂದ ಇಳಿದವನು ಅಜ್ಜನೇ ಎನ್ನುವುದಕ್ಕೆ ಒಂದು ಸಾಕ್ಷಿ ಬೇಕು. ಹೊಟ್ಟೆನೋವಿನವನು ತೀರಿಕೊಂಡು ಬಹಳ ವರ್ಷವಾಯಿತು, ಆದರೆ ಮಗಳೊಬ್ಬಳು ಇದೇ ಊರಿನಲ್ಲಿದ್ದಾಳೆಂದು ವಿಳಾಸ ಕೊಟ್ಟರು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ. ದರ್ಜಿ ಕೆಲಸ ಮಾಡಿ ಈಗ ಬಿಟ್ಟಿದ್ದಾರೆ, ಬಿಟ್ಟಿದ್ದೇನೆ ಎಂದು ಹೇಳಿಕೊಳ್ಳುತ್ತಾರೆ. ಕಾಲರಿನ ಅಂಚಿಗೆ ಸಾಲಾಗಿ ಗುಂಡುಸೂಜಿ, ಹೊಲಿಗೆ ಯಂತ್ರದ ಮೇಲೆ ಅರ್ಧ ಮುಗಿದ ತೋಳು. ಅಮ್ಮನಿಗಿಂತ ನಾಲ್ಕೈದು ವರ್ಷ ಚಿಕ್ಕವರಿರಬೇಕು. ಮದುವೆಯಾಗಲಿಲ್ಲ. ‘ನಮ್ಮಪ್ಪ ಬದುಕಿ ಬಂದು ಮಾಡಿದ ಕೆಲಸ ಅಂದ್ರೆ ನಾನೊಬ್ಳೇ, ಅದೂ ನೋಡಿ ಹೀಗಿದೆ’ ಎಂದು ತಮ್ಮನ್ನು ತೋರಿಸಿಕೊಂಡು ನಕ್ಕರು. ಅವರಪ್ಪ ಸತ್ತ ಸುದ್ದಿ ಮನೆಗೆ ಬಂದು, ಅಳು ಮುಗಿದು, ಮೂಗು ಒರೆಸಿಕೊಳ್ಳುತ್ತಿರುವಾಗ ಅವರಪ್ಪನೇ ಹೊಟ್ಟೆಗೆ ಪಟ್ಟಿ ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದರಂತೆ. ಅವರ ತಾಯಿ ಪೊರಕೆ ಎತ್ತಿಕೊಂಡು ‘ಎಲ್ಲಿ ಸತ್ತಿದ್ಯೋ ಇಷ್ಟು ದಿನ’ ಎಂದು ಹೊಡೆದರಂತೆ. ನಾನೂ ನಕ್ಕೆ, ಅಕ್ಕಾ. ಸಾಕಷ್ಟು ಹೊತ್ತು ನಕ್ಕೆ.

ಆಮೇಲೆ ನಾನು ಏನನ್ನೂ ಕೇಳುವ ಮೊದಲೇ ಅವರೇ ಹೇಳಿದರು. ಅವರಪ್ಪನನ್ನು ಹಡಗಿನಿಂದ ಸ್ಟ್ರೆಚರಿನಲ್ಲಿ ಇಳಿಸಿದಾಗ ಎತ್ತಲು ಜನ ಸಾಲದೆ, ಲಾರಿಯಿಂದ ಆಗ ತಾನೇ ಇಳಿದವನು ಚೀಲ ಕೆಳಗಿಟ್ಟು ಕೈ ಕೊಟ್ಟನಂತೆ. ಅವನ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಬಾಯ್ಲರು ಸುಟ್ಟಿತೇ ಎಂದು ಅವರಪ್ಪ ಆ ನೋವಿನಲ್ಲೂ ಕೇಳಿದ್ದಾರೆ. ‘ಇಲ್ಲ ಮಾರಾಯ, ಮಗಳು. ಎರಡು ವರ್ಷ ಅಷ್ಟೆ. ನಿನ್ನೆ ಹೊರಟಾಗ ಬಿಡಲ್ಲ ಅಂತ ಕಚ್ಚಿಬಿಟ್ಳು. ಹಲ್ಲು ಅಂದ್ರೆ ಹಲ್ಲು!’ ಎಂದು ಬಟ್ಟೆ ಸರಿಸಿ ಗುರುತು ತೋರಿಸಿದನಂತೆ, ಪದಕ ತೋರಿಸುವ ಹಾಗೆ. ಅವರಪ್ಪನಿಗೆ ನಗು ಬಂದು ಹೊಟ್ಟೆ ಇನ್ನೂ ಹಿಂಡಿತಂತೆ. ತಮ್ಮ ಪೆಟ್ಟಿಗೆಯ ಬೀಗದ ಕೈ ಅವನಿಗೆ ಕೊಟ್ಟು, ಒಳಗೆ ಉಣ್ಣೆಯ ಕಾಲುಚೀಲ ಇದೆ, ಹಾಕ್ಕೋ, ರಾತ್ರಿ ಮಲಗೋ ಕಡೆ ಕಬ್ಬಿಣ ತಣ್ಣಗಿರುತ್ತೆ ಎಂದು ಹೇಳಿದರಂತೆ. ಹೆಸರು ಕೇಳಲಿಲ್ಲ. ಸ್ಮಾರಕದ ಕಚೇರಿಯವರು ಅವರ ಹೆಸರನ್ನು ಗೋಡೆಯಿಂದ ಅಳಿಸುತ್ತೇವೆ ಎಂದು ಕಾಗದ ಬರೆದಾಗ ಅವರು ಒಪ್ಪಲಿಲ್ಲ. ‘ಅಳಿಸಿ ಯಾರ ಹೆಸರು ಬರೀತೀರಿ? ಗೊತ್ತಿಲ್ಲ ತಾನೇ? ಹಾಗಾದ್ರೆ ಇರ್ಲಿ ಬಿಡಿ, ಅವನ ಜಾಗ ಹಿಡ್ಕೊಂಡಿರತ್ತೆ.’ ವರ್ಷಕ್ಕೊಮ್ಮೆ ಹೋಗಿ ತಮ್ಮದೇ ಹೆಸರಿನ ಮುಂದೆ ಟೋಪಿ ತೆಗೆದು ನಿಲ್ಲುತ್ತಿದ್ದರು. ಮಗಳು ಹೆದರಿಕೊಂಡು ಶಾಲೆಯಿಂದ ಬಂದ ದಿನ ‘ಕಚ್ಚಬೇಕು ಕಣೇ, ಆ ಹುಡುಗಿ ಥರ’ ಎನ್ನುತ್ತಿದ್ದರಂತೆ. ದರ್ಜಿಯವರು ಹೇಳಿದರು: ‘ನನಗೆ ಅಕ್ಕ ತಂಗಿ ಯಾರೂ ಇಲ್ಲ. ಆ ಕಚ್ಚೋ ಹುಡುಗಿ ಜೊತೆಗೇ ಬೆಳೆದೆ ನಾನು.’

ನಾನು ಆಗ ಅಮ್ಮನ ವಿಷಯ ಎಲ್ಲ ಹೇಳಿದೆ. ದೀಪದ ಅಂಗಡಿ, ಇನ್ನೊಂದು ಮನೆ, ಮುಟ್ಟಿ ನೋಡಬೇಕಾದ ತಂಗಿ, ಎಲ್ಲ. ಅಪರಿಚಿತರ ಮುಂದೆ ಇಷ್ಟು ಮಾತಾಡಿದವನಲ್ಲ ನಾನು. ಅವರು ಆ ಅರ್ಧ ತೋಳನ್ನು ಯಂತ್ರಕ್ಕೆ ಕೊಟ್ಟು, ಉದ್ದಕ್ಕೂ ಒಂದು ಹೊಲಿಗೆ ಹಾಕಿ, ನೋಡಿ, ಬಿಚ್ಚಿದರು. ಸಾಕ್ಷಿ ಹೇಳಿಕೆಗೆ ಮಾತ್ರ ಅಲ್ಲೇ ರುಜು ಹಾಕಿಕೊಟ್ಟರು.

ಈಗ ಉಳಿದದ್ದು ಅರ್ಜಿ. ಪರಾರಿ ಎಂಬುದನ್ನು ತೆಗೆದು, ಸತ್ತವರಲ್ಲಿ ಸೇರಿಸಿ, ಗೋಡೆಯ ಮೇಲೆ ಹೆಸರು ಕೆತ್ತಿಸಲು ಮಗಳೇ ಕೇಳಬೇಕು. ಅವಳು ಇರುವಾಗಲೇ ಕೇಳಬೇಕು. ಮೊಮ್ಮಕ್ಕಳ ಮಾತು ನಡೆಯುವುದಿಲ್ಲ. ಕಣ್ಣು ಕಾಣದವರಾದರೆ ಹೆಬ್ಬೆಟ್ಟು ಸಾಕು, ಆದರೆ ಓದಿ ಹೇಳಿ ಒತ್ತಿಸಿದ್ದೇವೆ ಎಂದು ಕೆಳಗೆ ನಾವು ಬರೆದುಕೊಡಬೇಕು. ಬೇರೇನೋ ಕಾಗದ ಎಂದು ಹೇಳಿ ಒತ್ತಿಸಿಕೊಳ್ಳಬಹುದು. ಅದನ್ನೂ ಯೋಚಿಸಿದೆ. ಅಮ್ಮ ಯಾವ ಕಾಗದಕ್ಕೂ ಓದಿಸದೆ ಬೆರಳು ಕೊಡುವವಳಲ್ಲ.

ಓದಿ ಹೇಳಿದರೆ ಏನಾಗುತ್ತದೆ? ಅಜ್ಜ ಅವಮಾನದಿಂದ ಬಿಡುಗಡೆಯಾಗುತ್ತಾನೆ. ಅದನ್ನು ಕೇಳಿ ತಲೆ ಎತ್ತಬೇಕಾಗಿದ್ದವಳು ಮಣ್ಣಲ್ಲಿದ್ದಾಳೆ. ಅಮ್ಮನ ಮಟ್ಟಿಗೆ, ತೊಂಬತ್ತು ವರ್ಷ ಬಾಳಿ ನಿದ್ದೆಯಲ್ಲಿ ಹೋದ ಅಪ್ಪ ಮೂವತ್ತರೊಳಗೇ, ಏಣಿಯ ಬುಡದಲ್ಲಿ, ಬೇರೆಯವರ ಕಾಲುಚೀಲ ಹಾಕಿಕೊಂಡು ಸಾಯುತ್ತಾನೆ. ಅಂಗಡಿ, ಹೆಂಡತಿ, ತಂಗಿ ಎಲ್ಲ ಅವನ ಜೊತೆಗೇ ಹೋಗುತ್ತವೆ. ಓದಿ ಹೇಳದಿದ್ದರೆ, ಅವನು ಗುರುತನ್ನು ನಗುತ್ತಾ ತೋರಿಸಿದ ಎಂಬುದೂ ಅವಳಿಗೆ ಸಿಗುವುದಿಲ್ಲ. ಕಚ್ಚಿದ್ದಕ್ಕೇ ಓಡಿಹೋದ ಎಂಬುದನ್ನು ಬಾಯಿಗೆ ಕೈ ಅಡ್ಡ ಹಿಡಿದುಕೊಂಡೇ ತೆಗೆದುಕೊಂಡು ಹೋಗುತ್ತಾಳೆ. ಎರಡು ಕಡೆಗೂ ಗೆರೆ ಎಳೆದು ನೋಡಿದೆ. ಯಾವ ಕಡೆಗೂ ನೀರು ಹರಿಯುತ್ತಿಲ್ಲ.

ಅರ್ಜಿಯನ್ನು ಈ ಲಕೋಟೆಯಲ್ಲೇ ಇಡುತ್ತಿದ್ದೇನೆ. ನೀನು ದೊಡ್ಡವಳು, ದಿನಾ ಅವಳ ಮುಖ ನೋಡುವವಳು. ನೀನೇ ತೀರ್ಮಾನ ಮಾಡು. ಕಷ್ಟದ ಕೆಲಸವನ್ನು ಅಕ್ಕನ ತಲೆಗೆ ಕಟ್ಟುವುದು ನನಗೆ ಹೊಸದಲ್ಲ ಎಂದು ನೀನು ಅಂದುಕೊಳ್ಳುವುದು ಇಲ್ಲಿಗೇ ಕೇಳಿಸುತ್ತಿದೆ. ಬಂದರು ಕಚೇರಿಯಲ್ಲಿ ಇನ್ನೆರಡು ನಕಲು ತೆಗೆದುಕೊಳ್ಳುವುದಿದೆ, ಅದು ಮುಗಿಸಿ ಬರುತ್ತೇನೆ. ಭಾವನಿಗೆ ನಮಸ್ಕಾರ ತಿಳಿಸು. ಅಮ್ಮನ ಪಾದಕ್ಕೆ ನನ್ನ ಲೆಕ್ಕದಲ್ಲಿ ನೀನೇ ಒಂದಿಷ್ಟು ಎಣ್ಣೆ ತಿಕ್ಕು; ಯಾರು ಹೇಳಿದ್ದೆಂದು ಹೇಳಬೇಡ, ಅವಳಿಗೇ ಗೊತ್ತಾಗುತ್ತದೆ.

ನಿನ್ನ ತಮ್ಮ

ಮರೆತದ್ದಲ್ಲ, ಈಗ ಆದದ್ದು: ಲಕೋಟೆ ಅಂಟಿಸುವಾಗ ದರ್ಜಿಯವರು ಬಂದರು. ಮೂರು ಮಹಡಿ ಹತ್ತಿ ಬಂದು ಬಾಗಿಲಲ್ಲೇ ನಿಂತು ಏದುಸಿರು ಬಿಡುತ್ತಾ, ಗುರುವಾರ ಬೆಳಗಿನ ರೈಲಿಗೆ ನಿಮ್ಮೂರಲ್ಲಿ ಇಳಿಯುತ್ತೇನೆ ಎಂದರು. ಟಿಕೆಟ್ಟು ಆಗಲೇ ಕೊಂಡಿದ್ದಾರೆ. ‘ನಿಮ್ಮಮ್ಮ ನನ್ನನ್ನ ತಂಗೀ ಅಂತ ಕರೆದ್ರೆ ಏನು ಮಾಡ್ಲಿ, ಹೇಳಿ’ ಎಂದು ಕೇಳಿದರು. ನಾನು ‘ಓ ಅನ್ನಿ’ ಎಂದೆ. ಅಂದ ಮೇಲೆ ಅರ್ಜಿಯನ್ನು ಲಕೋಟೆಯಿಂದ ತೆಗೆದೆ, ಆದ್ದರಿಂದ ಹುಡುಕಬೇಡ. ಅಜ್ಜ ಪುಸ್ತಕದಲ್ಲಿ ಹಾಗೇ ಇರಲಿ. ದರ್ಜಿಯವರಿಗೆ ಸುಳ್ಳು ಬರುವುದಿಲ್ಲವಂತೆ, ಬೇಕಾಗಿಯೂ ಇಲ್ಲ. ‘ನಮ್ಮಪ್ಪ ನಿಮ್ಮ ವಿಷಯ ದಿನಾ ಹೇಳ್ತಿದ್ರು, ಕಚ್ಚೋ ಹುಡುಗಿ ಅಂತ, ಹೇಳಿ ಹೇಳಿ ನಗ್ತಿದ್ರು’ ಎಂದರೆ ಒಂದೊಂದು ಅಕ್ಷರವೂ ನಿಜ. ಸ್ಟೇಷನ್ನಿಗೆ ನೀನೇ ಹೋಗು. ಕಂದು ಕೋಟು, ಕಾಲರಿನಲ್ಲಿ ಗುಂಡುಸೂಜಿಗಳು ಇರುತ್ತವೆ, ತೆಗೆಯಲು ಮರೆಯುತ್ತಾರೆ. ಅಮ್ಮ ತಬ್ಬಿಕೊಳ್ಳುವ ಮೊದಲು ನೋಡಿಕೋ. ಮತ್ತೆ, ಗುರುವಾರ ಬೆಳಗ್ಗೆ ಅಮ್ಮನಿಗೆ ಹಲ್ಲಿನ ಸೆಟ್ಟು ಹಾಕಿಸು.